ಕ್ಯಾಶುವಾಲ್ಟಿಗೆ ಕಾಲಿಡುವ ನರ್ಸ್ ಜೇಬಿನಲ್ಲಿ ಏನಿರಬೇಕು?

ನರ್ಸಿಂಗ್ ಓದು ಮುಗಿಸಿ, ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಮೊದಲ ಸಲ ಕ್ಯಾಶುವಾಲ್ಟಿ ಡ್ಯೂಟಿಗೆ ಬರುವ ಹುಡುಗ ಹುಡುಗಿಯರು ಹಿರಿಯರನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಸಿಸ್ಟರ್, ಜೇಬಲ್ಲಿ ಏನೇನು ಇಟ್ಕೊಂಡು ಬರಬೇಕು?” ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿದು, ಹೊಸಬರಿಗೆ ಕೆಲಸ ಕಲಿಸುವ ಹೊಣೆಯನ್ನೂ ಹೊತ್ತ ನನಗೆ ಈ ಪ್ರಶ್ನೆ ಬಹಳ ಇಷ್ಟ. ಕೇಳುವವರಿಗೆ ತಮ್ಮ ಕೆಲಸದ ಮೇಲೆ ಗೌರವ ಇದೆ ಎನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಇವತ್ತಿನ ಮಾತು ಆ ಪ್ರಶ್ನೆಗೆ ಉತ್ತರ. ನರ್ಸ್ ಅಲ್ಲದವರೂ ದಯವಿಟ್ಟು ಕೇಳಿ. ಮನೆಯವರನ್ನು ಕರೆದುಕೊಂಡು ಒಂದಲ್ಲ ಒಂದು ದಿನ ಆ ಬಾಗಿಲಿಗೆ ಹೋಗದವರು ಕಡಿಮೆ. ನಿಮಗೆ ಹೇಳಬೇಕಾದದ್ದೂ ಮುಂದೆ ಇದೆ.

ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಕಡಿಮೆ ಇಟ್ಟುಕೊಳ್ಳಿ. ಇಟ್ಟುಕೊಂಡದ್ದು ದಿನವೂ ಅದೇ ಜೇಬಿನಲ್ಲಿ, ಅದೇ ಜಾಗದಲ್ಲಿ ಇರಲಿ. ಪ್ರತಿಯೊಂದನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ ಒಂದು ಮಾತಿನಲ್ಲಿ ಹೇಳಲು ಬರಬೇಕು. ಯಾಕೆಂದರೆ ಕ್ಯಾಶುವಾಲ್ಟಿ ವಾರ್ಡಿನಂತಲ್ಲ. ವಾರ್ಡಿನಲ್ಲಿ ಮಲಗಿದವರಿಗೆ ಒಂದು ಫೈಲು ಇರುತ್ತದೆ, ಕಾಯಿಲೆಗೆ ಒಂದು ಹೆಸರು ಇರುತ್ತದೆ, ಹಿಂದಿನ ದಿನದ ಬರವಣಿಗೆ ಇರುತ್ತದೆ. ಸ್ಟ್ರೆಚರ್ ಮೇಲೆ ಒಳಗೆ ಬಂದವರಿಗೆ ಇದ್ಯಾವುದೂ ಇರುವುದಿಲ್ಲ. ಕೆಲವೊಮ್ಮೆ ಹೆಸರೂ ಗೊತ್ತಿರುವುದಿಲ್ಲ. ಡಾಕ್ಟರು ಪಕ್ಕದ ಮಂಚದಲ್ಲಿ ಇನ್ನೊಬ್ಬರ ಗಾಯಕ್ಕೆ ಹೊಲಿಗೆ ಹಾಕುತ್ತಿರಬಹುದು. ರೋಗಿಯ ಮೈಮೇಲೆ ಮೊದಲು ಕೈಯಿಡುವವರು ಬಹಳ ಸಲ ನರ್ಸೇ. ಆ ಮೊದಲ ನಿಮಿಷಗಳಲ್ಲಿ ಏನು ಕಂಡಿತು, ಎಷ್ಟು ಹೊತ್ತಿಗೆ ಕಂಡಿತು, ಏನು ಮಾಡಿದೆವು ಎನ್ನುವುದನ್ನು ಹಿಡಿದಿಡುವುದಕ್ಕೆ ಜೇಬಿನ ಸಾಮಾನು. ಉಳಿದದ್ದೆಲ್ಲ ಹೊರೆ.

ಮೊದಲನೆಯದು ಗಡಿಯಾರ. ಮೊಬೈಲಿನಲ್ಲಿ ಗಂಟೆ ಕಾಣುತ್ತದಲ್ಲ ಎನ್ನಬೇಡಿ. ಸೆಕೆಂಡಿನ ಮುಳ್ಳು ಎದ್ದು ಕಾಣುವ ಗಡಿಯಾರ ಬೇಕು, ಅದೂ ಎದೆಯ ಮೇಲೆ ಪಿನ್ನು ಹಾಕಿ ತಲೆಕೆಳಗಾಗಿ ತೂಗಿಬಿಡುವಂಥದ್ದು. ನಾವು ಕತ್ತು ಬಗ್ಗಿಸಿದರೆ ಅದು ನೇರವಾಗಿ ಕಾಣುತ್ತದೆ. ಎರಡೂ ಕೈ ಬಿಡುವಾಗಿರುತ್ತವೆ. ಮುಂಗೈಗೆ ಕಟ್ಟಿದ ವಾಚಿನ ಪಟ್ಟಿಯಡಿ ಕೊಳೆ ಕೂರುತ್ತದೆ, ಕೈ ತೊಳೆಯುವಾಗ ಅಲ್ಲಿಗೆ ಸೋಪು ಹೋಗುವುದಿಲ್ಲ. ನಾಡಿ ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರ ಮಾಡಿಸಿ, ಅದರ ಬಗ್ಗೆ 1707ರಲ್ಲಿ ಪುಸ್ತಕ ಬರೆದವರು ಇಂಗ್ಲೆಂಡಿನ ವೈದ್ಯ ಸರ್ ಜಾನ್ ಫ್ಲಾಯರ್. ಅಂದಿನಿಂದ ಇಂದಿನವರೆಗೆ ಎಷ್ಟು ಯಂತ್ರ ಬಂದರೂ ಒಂದು ನಿಮಿಷಕ್ಕೆ ಇರುವ ಬೆಲೆ ಇಳಿದಿಲ್ಲ. ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ದೊಡ್ಡವರಲ್ಲಿ 12ರಿಂದ 20 ಸರಿ. ಹದಿನೈದು ಸೆಕೆಂಡು ನೋಡಿ ನಾಲ್ಕರಿಂದ ಗುಣಿಸುವ ಚಟ ಹತ್ತಿಸಿಕೊಳ್ಳಬೇಡಿ. ಉಸಿರು ತಾಳ ತಪ್ಪಿದವರಲ್ಲಿ ಆ ಲೆಕ್ಕ ಮೋಸ ಮಾಡುತ್ತದೆ.

ಗಡಿಯಾರದ ಬೆಲೆ ಚೆನ್ನಾಗಿ ತಿಳಿಯಬೇಕಾದರೆ ಹಾವು ಕಚ್ಚಿ ಬಂದವರ ಪಕ್ಕದಲ್ಲಿ ನಿಲ್ಲಬೇಕು. ನಮ್ಮ ನಾಡಿನಲ್ಲಿ ಮಳೆಗಾಲ ಶುರುವಾಯಿತೆಂದರೆ ಗದ್ದೆ, ತೋಟ, ಕಣದಿಂದ ಇಂಥವರು ಬರುತ್ತಲೇ ಇರುತ್ತಾರೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಅದನ್ನು ತಿಳಿಯಲು ದೊಡ್ಡ ಲ್ಯಾಬು ಬೇಕಿಲ್ಲ. ಹೊಸ, ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿಗೆ ಎರಡು ಮಿ.ಲೀ. ರಕ್ತ ಬಿಡಬೇಕು. ಅಲುಗಿಸದೆ ಇಪ್ಪತ್ತು ನಿಮಿಷ ಇಡಬೇಕು. ಆಮೇಲೆ ಒಮ್ಮೆ ಮೆಲ್ಲಗೆ ಬಗ್ಗಿಸಿ ನೋಡಬೇಕು. ರಕ್ತ ಇನ್ನೂ ನೀರಾಗಿ ಹರಿದರೆ ವಿಷ ಮೈಗೇರಿದೆ, ಡಾಕ್ಟರಿಗೆ ತಕ್ಷಣ ತಿಳಿಸಬೇಕು. ಹತ್ತು ನಿಮಿಷಕ್ಕೇ ಕುತೂಹಲದಿಂದ ಅಲುಗಿಸಿದರೆ ಪರೀಕ್ಷೆ ಕೆಟ್ಟಿತು. ಸೋಪಿನ ಪುಡಿಯಲ್ಲಿ ತೊಳೆದಿಟ್ಟ ಟ್ಯೂಬು ತಂದರೂ ಕೆಟ್ಟಿತು, ಪ್ಲಾಸ್ಟಿಕ್ ಟ್ಯೂಬಾದರೂ ಕೆಟ್ಟಿತು. ಇಲ್ಲಿ ನರ್ಸಿನ ಎದೆಯ ಮೇಲಿನ ಗಡಿಯಾರವೇ ಲ್ಯಾಬು. ಎದೆನೋವು ಎಂದು ಬಂದವರಿಗೂ ಹಾಗೆಯೇ: ಬಾಗಿಲು ದಾಟಿದ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು. ಆ ಹತ್ತು ನಿಮಿಷವನ್ನು ಯಾರಾದರೂ ಕಾಯುತ್ತಿರಬೇಕಲ್ಲ?

ಎರಡನೆಯದು ಪೆನ್ನು ಮತ್ತು ಅಂಗೈಯಗಲದ ನೋಟ್‌ಬುಕ್ಕು. ಪೆನ್ನು ಎರಡಿರಲಿ, ಒಂದನ್ನು ಯಾರೋ ಕೇಳಿ ಒಯ್ಯುತ್ತಾರೆ, ವಾಪಸ್ಸು ಬರುವುದಿಲ್ಲ. ನೀರು ಬಿದ್ದರೆ ಹರಡುವ ಶಾಯಿ ಬೇಡ, ಬಾಲ್‌ಪೆನ್ನೇ ಸರಿ. ಹಾವು ಕಚ್ಚಿದ ಕಾಲಿನಲ್ಲಿ ಊತ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಗೆ ಚರ್ಮದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಿರಿ. ಸ್ವಲ್ಪ ಹೊತ್ತಿನ ಮೇಲೆ ನೋಡಿದಾಗ ಊತ ಗೆರೆ ದಾಟಿ ಎಷ್ಟು ಮೇಲೇರಿದೆ ಎನ್ನುವುದು ಯಾರಿಗಾದರೂ ಕಾಣುತ್ತದೆ; ಡ್ಯೂಟಿ ಬದಲಾದರೂ ಲೆಕ್ಕ ತಪ್ಪುವುದಿಲ್ಲ. ಇದಕ್ಕೆ ಟೈಲರ್ ಟೇಪಿನ ಒಂದು ಸುರುಳಿಯೂ ಜೇಬಿನಲ್ಲಿದ್ದರೆ ಕಾಲಿನ ಸುತ್ತಳತೆ ತೆಗೆಯಬಹುದು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಆ ವರದಿಗೆ ಬುನಾದಿ ನೀವು ಬರೆದ ಗಂಟೆ, ನೀವು ಬರೆದ ಗುರುತು.

ಅಪಘಾತ, ಹೊಡೆದಾಟ, ಸುಟ್ಟಗಾಯ, ವಿಷ, ಇವೆಲ್ಲ ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣಗಳು. ವರ್ಷಗಳಾದ ಮೇಲೆ ಕೋರ್ಟಿನಲ್ಲಿ ನೀವು ಬರೆದ ಹಾಳೆ ತೆರೆಯಬಹುದು. ಆದ್ದರಿಂದ ರೋಗಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. “ಗಂಡ ದೊಣ್ಣೆಯಲ್ಲಿ ಹೊಡೆದ” ಎಂದು ಆಕೆ ಹೇಳಿದರೆ ಹಾಗೇ ಬರೆಯಿರಿ. ಅದನ್ನು ತಿದ್ದಿ ತೀಡಿ “ಕೌಟುಂಬಿಕ ಕಲಹ” ಮಾಡಬೇಡಿ. ಗಂಟೆಯನ್ನು 24 ಗಂಟೆಯ ಲೆಕ್ಕದಲ್ಲಿ ಹಾಕಿ, ರಾತ್ರಿ ಹಗಲು ಗೊಂದಲ ಬರುವುದಿಲ್ಲ. ಡ್ಯೂಟಿಗೆ ಬಂದ ಕೂಡಲೇ ನಿಮ್ಮ ಗಡಿಯಾರವನ್ನು ವಿಭಾಗದ ಗೋಡೆ ಗಡಿಯಾರಕ್ಕೆ ಹೊಂದಿಸಿಕೊಳ್ಳಿ. ಒಂದೇ ಇಂಜೆಕ್ಷನ್‌ಗೆ ಡಾಕ್ಟರ ಹಾಳೆಯಲ್ಲಿ ಒಂದು ಹೊತ್ತು, ನರ್ಸ್ ಹಾಳೆಯಲ್ಲಿ ಇನ್ನೊಂದು ಹೊತ್ತು ಇರಬಾರದು. ಗಡಿಬಿಡಿಯಲ್ಲಿ ಡಾಕ್ಟರು ಬಾಯಲ್ಲೇ ಔಷಧಿ ಹೇಳಿದಾಗ ಅದರ ಹೆಸರು, ಪ್ರಮಾಣ, ಯಾವ ದಾರಿಯಲ್ಲಿ ಕೊಡಬೇಕು ಎನ್ನುವುದನ್ನು ಗಟ್ಟಿಯಾಗಿ ತಿರುಗಿ ಹೇಳಿ, ಅವರು ಹೌದೆಂದ ಮೇಲೆ ಕೊಡಿ, ಕೊಟ್ಟ ಕೂಡಲೇ ಬರೆಯಿರಿ. ಗ್ಲೌಸಿನ ಮೇಲೆ ಬರೆದುಕೊಂಡರೆ ಅದು ಗ್ಲೌಸಿನ ಜೊತೆಗೇ ಕಸದ ಬುಟ್ಟಿ ಸೇರುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟಗಳಲ್ಲಿ ನೀವೇ ಕೈಯಾರೆ ಬರೆದುಕೊಳ್ಳಬೇಕಾದ ಕೆಲವು ಲೆಕ್ಕಗಳಿವೆ. ಡ್ರಿಪ್ ಹನಿಯ ಲೆಕ್ಕ: ಕೊಡಬೇಕಾದ ಮಿ.ಲೀ.ಯನ್ನು ಆ ಸೆಟ್ಟಿನ ಒಂದು ಮಿ.ಲೀ.ಗೆ ಎಷ್ಟು ಹನಿಯೋ ಅದರಿಂದ ಗುಣಿಸಿ, ಒಟ್ಟು ನಿಮಿಷಗಳಿಂದ ಭಾಗಿಸುವುದು. ಸೆಟ್ಟಿನ ಹನಿ ಎಷ್ಟೆಂದು ಅದರ ಪ್ಯಾಕೆಟ್ ಮೇಲೇ ಇರುತ್ತದೆ. ಮಿ.ಲೀ.ಗೆ 20 ಹನಿಯ ಸೆಟ್ಟಿನಲ್ಲಿ 500 ಮಿ.ಲೀ. ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಮಗುವಿನ ತೂಕ: ತೂಗುವ ಯಂತ್ರವಿದ್ದರೆ ತೂಗಿಯೇ ನೋಡಿ, ಅದಕ್ಕೆ ವ್ಯವಧಾನವಿಲ್ಲದಾಗ ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸಿದರೆ ಅಂದಾಜು ಕೆ.ಜಿ. ಸಿಗುತ್ತದೆ. ನಾಲ್ಕು ವರ್ಷದ ಮಗುವಿಗೆ 16 ಕೆ.ಜಿ. ಕ್ಯಾನುಲಾದ ಬಣ್ಣಗಳು: 16 ಬೂದು, 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ. ನಂಬರು ಚಿಕ್ಕದಾದಷ್ಟೂ ಕೊಳವೆ ದಪ್ಪ. ರಕ್ತ ಸುರಿಯುತ್ತಿರುವವರಿಗೆ ನೀಲಿ ಹಾಕಿ ಕೂತರೆ ರಕ್ತ ಕೊಡುವುದು ತಡವಾಗುತ್ತದೆ. ಅಲ್ಲಿ ಹಸಿರೋ ಬೂದೋ ಬೇಕು. ಬ್ಲಡ್ ಬ್ಯಾಂಕ್, ಲ್ಯಾಬ್, ಆಪರೇಷನ್ ಥಿಯೇಟರ್, ಪೊಲೀಸ್ ಚೌಕಿಯ ನಂಬರುಗಳು ಇರಲಿ. ರೋಗಿಯ ಹೆಸರು, ಕಾಯಿಲೆ ಮಾತ್ರ ಈ ಪುಸ್ತಕದಲ್ಲಿ ಬೇಡ. ಪುಸ್ತಕ ಬಸ್ಸಿನಲ್ಲಿ ಬಿದ್ದುಹೋದರೂ ಯಾರ ಮಾನವೂ ಬೀದಿಗೆ ಬರಬಾರದು.

ಮೂರನೆಯದು ಕತ್ತರಿ. ಮನೆಯ ಕತ್ತರಿಯಲ್ಲ, ಕೆಳಗಿನ ಅಲಗಿನ ತುದಿ ಮೊಂಡಾಗಿ, ಹಿಡಿ ಓರೆಯಾಗಿರುವ ಬ್ಯಾಂಡೇಜ್ ಕತ್ತರಿ. ಚರ್ಮಕ್ಕೂ ಬಟ್ಟೆಗೂ ನಡುವೆ ತೂರಿಸಿದರೆ ಗಾಯವಾಗುವುದಿಲ್ಲ. ಬೈಕಿನಿಂದ ಬಿದ್ದು ತೊಡೆ ಮುರಿದುಕೊಂಡವರ ಪ್ಯಾಂಟನ್ನು ಎಳೆದು ಬಿಚ್ಚಲು ಹೋಗಬಾರದು. ಕೆಳಗಿನಿಂದ ಹೊಲಿಗೆಯ ಗುಂಟ ಕತ್ತರಿಸಿಕೊಂಡು ಬರಬೇಕು. ಕತ್ತರಿಸುವ ಮೊದಲು ಒಂದು ಮಾತು ಹೇಳಿ: “ಅಣ್ಣಾ, ಕಾಲು ನೋಡ್ಬೇಕು, ಪ್ಯಾಂಟ್ ಕತ್ತರಿಸ್ತೀನಿ.” ಪ್ರಜ್ಞೆ ಇಲ್ಲದವರಿಗೂ ಹೇಳಿ. ಪರದೆ ಎಳೆಯಿರಿ, ಮೇಲೊಂದು ಬೆಡ್‌ಶೀಟು ಹೊದಿಸಿ. ಚಾಕುವಿನ ಇರಿತ, ಗುಂಡೇಟು ಇದ್ದರೆ ಬಟ್ಟೆಯಲ್ಲಿ ಆದ ತೂತಿನ ಮೇಲೆ ಕತ್ತರಿ ಆಡಿಸಬೇಡಿ. ಅದರ ಪಕ್ಕದಲ್ಲಿ ಹಾಯಿಸಿ. ಆ ಬಟ್ಟೆಯನ್ನು ಮೂಲೆಗೆ ಎಸೆಯದೆ ಕಾಗದದ ಚೀಲಕ್ಕೆ ಹಾಕಿ, ಹೆಸರು ಗಂಟೆ ಬರೆದು ಒಪ್ಪಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಹಸಿ ರಕ್ತದ ಬಟ್ಟೆ ಬೂಸ್ಟು ಹಿಡಿದು ಸಾಕ್ಷ್ಯವೇ ನಾಶವಾಗುತ್ತದೆ.

ನಾಲ್ಕನೆಯದು ಪೆನ್ನಿನಷ್ಟು ಚಿಕ್ಕ ಟಾರ್ಚು. ಇದು ಕಣ್ಣುಪಾಪೆ ನೋಡಲು. ತಲೆಗೆ ಪೆಟ್ಟು ಬಿದ್ದವರ ಎರಡೂ ಪಾಪೆ ಸಮ ಇವೆಯೇ, ಬೆಳಕು ಬಿದ್ದಾಗ ಕುಗ್ಗುತ್ತವೆಯೇ ಎಂದು ನೋಡಬೇಕು. ಬೆಳಕನ್ನು ಎದುರಿನಿಂದ ಹೊಡೆಯದೆ ಕಿವಿಯ ಕಡೆಯಿಂದ ತನ್ನಿ. ಒಂದು ಪಾಪೆ ಮಾತ್ರ ಹಿಗ್ಗಿ, ಬೆಳಕಿಗೆ ಅಲುಗದೆ ನಿಂತರೆ ತಲೆಯೊಳಗೆ ಒತ್ತಡ ಏರುತ್ತಿರಬಹುದು. ಆಗ ಡಾಕ್ಟರನ್ನು ಕೂಗಿ ಕರೆಯಲು ಸಂಕೋಚ ಬೇಡ. ಟಾರ್ಚಿನ ಜೊತೆಗೆ ಗ್ಲಾಸ್ಗೋ ಅಂಕ ಹಾಕುವುದನ್ನು ಕಲಿಯಿರಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ನರಶಸ್ತ್ರಜ್ಞರು 1974ರಲ್ಲಿ ಕೊಟ್ಟ ಅಳತೆ ಇದು. ಕಣ್ಣು ತೆರೆಯುವುದಕ್ಕೆ ನಾಲ್ಕು, ಮಾತಿಗೆ ಐದು, ಕೈಕಾಲು ಆಡಿಸುವುದಕ್ಕೆ ಆರು. ಒಟ್ಟು 15, ಕನಿಷ್ಠ 3. “ಸ್ವಲ್ಪ ಮಂಪರಿದೆ” ಎಂದು ಬರೆದರೆ ಒಬ್ಬೊಬ್ಬರು ಒಂದೊಂದು ತಿಳಿಯುತ್ತಾರೆ. ಹದಿನಾಲ್ಕಿದ್ದದ್ದು ಹನ್ನೊಂದಾಯಿತು ಎಂದು ಬರೆದರೆ ಎಲ್ಲರೂ ಒಂದೇ ತಿಳಿಯುತ್ತಾರೆ, ಎಲ್ಲರೂ ಓಡುತ್ತಾರೆ.

ಈ ನಾಲ್ಕೂ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎನ್ನುವುದಕ್ಕೆ ನಾನು ಹೊಸಬರಿಗೆ ಯಾವಾಗಲೂ ಹೇಳುವ ಉದಾಹರಣೆ ಒಂದಿದೆ. ಬೆಳೆಗೆ ಔಷಧಿ ಹೊಡೆಯುವ ಕಾಲ. ಬೆನ್ನಿಗೆ ಪಂಪು ಕಟ್ಟಿಕೊಂಡು, ಮೂಗಿಗೆ ಬಟ್ಟೆಯನ್ನೂ ಕಟ್ಟದೆ, ಗಾಳಿಗೆದುರಾಗಿ ಹೊಡೆದ ರೈತನನ್ನು ಸಂಜೆ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬರುತ್ತಾರೆ. ಅಂಗಿ ತೊಯ್ದು ತೊಪ್ಪೆಯಾಗಿದೆ, ಅದು ಬೆವರೋ ಔಷಧಿಯೋ ಗೊತ್ತಿಲ್ಲ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಎದೆಯಲ್ಲಿ ಗೊರಗೊರ ಸದ್ದು. ನರ್ಸ್ ಗ್ಲೌಸು ಹಾಕಿ ಟಾರ್ಚು ಬಿಡುತ್ತಾಳೆ, ಪಾಪೆ ಸೂಜಿಮೊನೆಯಷ್ಟಾಗಿದೆ. ಡಾಕ್ಟರಿಗೆ ಹೇಳಿ, ಕತ್ತರಿಯಿಂದ ಅಂಗಿ, ಬನಿಯನ್ ಕತ್ತರಿಸಿ ತೆಗೆದು, ಮೈಯನ್ನು ಸೋಪು ನೀರಿನಲ್ಲಿ ತೊಳೆಸುತ್ತಾಳೆ. ಬಟ್ಟೆಯ ಮೇಲಿದ್ದ ವಿಷ ಚರ್ಮದ ಮೂಲಕ ಒಳಗೆ ಇಳಿಯುತ್ತಲೇ ಇರುತ್ತದೆ, ಅದನ್ನು ತೆಗೆಯದೆ ಕೊಡುವ ಔಷಧಿ ಅರ್ಧ ವ್ಯರ್ಥ. ಡಾಕ್ಟರು ಅಟ್ರೋಪಿನ್ ಹೇಳುತ್ತಾರೆ. ಆಮೇಲಿನದು ಗಡಿಯಾರ ಮತ್ತು ಪೆನ್ನಿನ ಕೆಲಸ: ಎಷ್ಟು ಹೊತ್ತಿಗೆ ಎಷ್ಟು ಕೊಟ್ಟೆವು, ಕೆಲವು ನಿಮಿಷಗಳ ಮೇಲೆ ನಾಡಿ ಎಷ್ಟು, ಬಿಪಿ ಎಷ್ಟು, ಗೊರಗೊರ ಕಡಿಮೆಯಾಯಿತೇ. ಪಾಪೆ ಹಿಗ್ಗಿತೆಂದು ಸಮಾಧಾನ ಪಡುವಂತಿಲ್ಲ. ಎದೆ ಒಣಗಿ ಉಸಿರು ಸಲೀಸಾಗುವುದೇ ಮುಖ್ಯ ಗುರುತು. ಆ ಒಂದು ಹಾಳೆಯನ್ನು ಬೆಳಗಿನವರೆಗೆ ಬಿಡದೆ ಬರೆದವರು ಆ ಮನೆಗೆ ಮಾಡಿದ ಉಪಕಾರ ಸಣ್ಣದಲ್ಲ.

ಇನ್ನು ಚಿಲ್ಲರೆ ಸಾಮಾನು. ರಕ್ತನಾಳ ಹುಡುಕಲು ಕಟ್ಟುವ ಟೂರ್ನಿಕೆ ಒಂದು, ಅಂಟುಪಟ್ಟಿಯ ಸುರುಳಿ ಒಂದು, ನಾಲ್ಕು ಸ್ಪಿರಿಟ್ ಸ್ವಾಬ್, ಒಂದು ಜೊತೆ ಗ್ಲೌಸು. ಟೂರ್ನಿಕೆ ಕಟ್ಟಿದ ಮೇಲೆ ಬಿಚ್ಚುವುದನ್ನು ಮರೆಯಬೇಡಿ. ಅಂಗಿತೋಳಿನಡಿ ಅದು ಅಡಗಿ ಕೂರುತ್ತದೆ. ಅಂಟುಪಟ್ಟಿಯನ್ನು ಮೊದಲೇ ಹರಿದು ಮಂಚದ ಕಂಬಿಗೆ ಸಾಲಾಗಿ ಅಂಟಿಸಿಟ್ಟುಕೊಳ್ಳುವ ರೂಢಿ ಅನೇಕರಿಗಿದೆ. ಅದನ್ನು ಬಿಡಿ. ಕಂಬಿಯ ಮೇಲಿನ ರೋಗಾಣು ಪಟ್ಟಿಗೆ ಅಂಟಿ ನೇರ ಕ್ಯಾನುಲಾದ ಬಾಯಿಗೆ ಹೋಗುತ್ತದೆ.

ಸ್ಟೆತಾಸ್ಕೋಪ್ ಸ್ವಂತದ್ದಿದ್ದರೆ ಒಳ್ಳೆಯದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಮನೆಗೂ ಪರಿಚಯವಾದದ್ದು ಕೋವಿಡ್ ಕಾಲದಲ್ಲಿ. ಜಪಾನಿನ ತಕುವೊ ಅಯೊಯಾಗಿ ಅದರ ಮೂಲ ವಿಧಾನವನ್ನು 1974ರ ಸುಮಾರಿಗೆ ಕಂಡುಕೊಂಡರು. ಅದು ಉಪಕಾರಿ, ಆದರೆ ಅದಕ್ಕೂ ಮಿತಿಯಿದೆ. ಉಗುರುಬಣ್ಣ, ದಟ್ಟ ಮದರಂಗಿ, ತಣ್ಣಗಾದ ಬೆರಳು, ಕುಸಿದ ಬಿಪಿ ಇದ್ದಾಗ ಅದು ತಪ್ಪು ತೋರಿಸಬಹುದು. ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಿಲು ಹೊಗೆಗೆ ಸಿಕ್ಕವರಲ್ಲಂತೂ ಅದು 98 ಎನ್ನುತ್ತಿರುತ್ತದೆ, ರೋಗಿ ಕೈಬಿಟ್ಟು ಹೋಗುತ್ತಿರುತ್ತಾರೆ. ಹೊಗೆಯ ವಿಷಾನಿಲ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದಿರುವುದು ಆ ಯಂತ್ರಕ್ಕೆ ತಿಳಿಯುವುದಿಲ್ಲ. ಅಂಕಿ ಒಂದು ಹೇಳಿ, ಮುಖ ಇನ್ನೊಂದು ಹೇಳಿದರೆ ಮುಖವನ್ನು ನಂಬಿ.

ಜೇಬಿನಲ್ಲಿ ಇರಲೇಬಾರದ್ದನ್ನೂ ಹೇಳಬೇಕು. ಸೂಜಿ ಬೇಡ. ಔಷಧಿ ತುಂಬಿದ ಸಿರಿಂಜು ಬೇಡವೇ ಬೇಡ. ಹೆಸರು ಬರೆಯದ ಸಿರಿಂಜಿನಲ್ಲಿ ಏನಿದೆ ಎಂದು ತುಂಬಿದವರಿಗೂ ಒಂದು ಗಂಟೆಯ ಮೇಲೆ ಖಾತ್ರಿಯಿರುವುದಿಲ್ಲ. “ಆಮೇಲೆ ಬೇಕಾಗುತ್ತೆ” ಎಂದು ಒಡೆಯದ ಆಂಪ್ಯೂಲನ್ನು ಜೇಬಿಗೆ ಹಾಕಿಕೊಂಡರೆ ಬೇಕಾದ ಹೊತ್ತಿಗೆ ಟ್ರೇಯಲ್ಲಿ ಅದು ಇರುವುದಿಲ್ಲ. ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಬೇಡಿ. ಬಹಳ ಸೂಜಿಗಾಯ ಆಗುವುದು ಆಗಲೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅದರ ಜಾಗ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ. ಸೂಜಿ ಚುಚ್ಚಿಯೇಬಿಟ್ಟರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆಯಿರಿ, ಕೂಡಲೇ ಹಿರಿಯರಿಗೆ ಹೇಳಿ. ಎಚ್‌ಐವಿ ತಡೆಯುವ ಔಷಧಿಯನ್ನು ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟುವಂತಿಲ್ಲ. ಬೈಗುಳಕ್ಕೆ ಹೆದರಿ ಮುಚ್ಚಿಡುವ ವಿಷಯ ಇದಲ್ಲ. ಉಂಗುರ, ಬಳೆ, ಉದ್ದ ಸರ ಮನೆಯಲ್ಲಿರಲಿ. ಮೊಬೈಲ್ ಇರಲಿ, ಆದರೆ ರೋಗಿಯ ಫೋಟೋ ತೆಗೆಯುವುದಕ್ಕಲ್ಲ.

ಜೇಬಿನ ಸಾಮಾನು ಶುಚಿಯಾಗಿರಬೇಕು. ಕೈ ತೊಳೆಯದ ವೈದ್ಯರಿಂದಲೇ ಬಾಣಂತಿಯರಿಗೆ ಸಾವಿನ ಜ್ವರ ಹತ್ತುತ್ತಿದೆ ಎಂದು ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ತೋರಿಸಿಕೊಟ್ಟದ್ದು 1847ರಲ್ಲಿ. ಕೈಗೆ ಹೇಳಿದ ಮಾತು ಕತ್ತರಿಗೂ ಸಲ್ಲುತ್ತದೆ. ಒಬ್ಬರ ರಕ್ತ ಮುಟ್ಟಿದ ಕತ್ತರಿಯನ್ನು ತೊಳೆದು, ರೋಗಾಣು ನಾಶಮಾಡಿ, ಆಮೇಲೆ ಇನ್ನೊಬ್ಬರಿಗೆ. ಟಾರ್ಚು, ಸ್ಟೆತಾಸ್ಕೋಪ್ ಪ್ರತಿ ರೋಗಿಯ ನಂತರ ಸ್ಪಿರಿಟ್‌ನಲ್ಲಿ ಒರೆಸಬೇಕು. ಕೈಗೆ ಸೋಪು ನೀರಾದರೆ 40ರಿಂದ 60 ಸೆಕೆಂಡು, ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾಮಾನು ಕಡಿಮೆ ಇಟ್ಟುಕೊಳ್ಳಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ: ಹತ್ತು ಸಾಮಾನನ್ನು ಯಾರೂ ಪ್ರತಿ ಸಲ ಒರೆಸುವುದಿಲ್ಲ, ನಾಲ್ಕನ್ನು ಒರೆಸುತ್ತಾರೆ.

ಜೀವ ಉಳಿಸುವ ದೊಡ್ಡ ಸಾಮಾನು ಯಾವುದೂ ಜೇಬಿನಲ್ಲಿ ಹಿಡಿಯುವುದಿಲ್ಲ. ಅವು ಎಲ್ಲಿವೆ ಎನ್ನುವುದು ತಲೆಯಲ್ಲಿರಬೇಕು. ಡ್ಯೂಟಿಗೆ ಹದಿನೈದು ನಿಮಿಷ ಮೊದಲು ಬನ್ನಿ. ಎಮರ್ಜೆನ್ಸಿ ಟ್ರಾಲಿಯ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೋಡಿ. ಅಡ್ರಿನಾಲಿನ್ ಇದೆಯೇ, ದಿನಾಂಕ ಮೀರಿದೆಯೇ? ಲ್ಯಾರಿಂಗೋಸ್ಕೋಪಿನ ದೀಪ ಉರಿಯುತ್ತದೆಯೇ? ಅಂಬು ಬ್ಯಾಗ್ ಒತ್ತಿದರೆ ಗಾಳಿ ಬರುತ್ತದೆಯೇ, ಮಗುವಿನ ಮಾಸ್ಕ್ ಜೊತೆಗಿದೆಯೇ? ಸಕ್ಷನ್ ಎಳೆಯುತ್ತದೆಯೇ? ಆಕ್ಸಿಜನ್ ಸಿಲಿಂಡರಿನ ಕೀ ಎಲ್ಲಿ ತೂಗುಹಾಕಿದೆ? ಹೃದಯ ನಿಂತವರು ಬಂದ ಮೇಲೆ ಇವನ್ನು ಹುಡುಕಲು ಹೊರಟರೆ ಅದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ನಿಮಿಷಕ್ಕೆ 100ರಿಂದ 120ರಂತೆ ಎದೆ ಒತ್ತುತ್ತಿರುವವರು ನಿಲ್ಲಿಸುವಂತಿಲ್ಲ. ಸಾಮಾನು ತರುವವರಿಗೆ ಜಾಗ ಗೊತ್ತಿರಲೇಬೇಕು.

ಆಸ್ಪತ್ರೆ ನಡೆಸುವವರಿಗೂ ಇಲ್ಲಿ ಒಂದು ಮಾತು ಹೇಳಲೇಬೇಕು. ಗ್ಲೌಸು, ಮಾಸ್ಕು, ಸೋಪು, ಸ್ಪಿರಿಟ್ ಒದಗಿಸುವುದು ನಿಮ್ಮ ಕರ್ತವ್ಯ. ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ ಕೊಡಬೇಕು, ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು ಎಂದು ನಾನು ಹೇಳಿದ ಅದೇ 2016ರ ನಿಯಮಗಳಲ್ಲಿದೆ. ಕೈಗೆ ಬರುವ ಅಷ್ಟಿಷ್ಟು ಸಂಬಳದಲ್ಲಿ ಹೊಸ ನರ್ಸುಗಳು ಗ್ಲೌಸಿನ ಡಬ್ಬಿ ಕೊಂಡು ತರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಅವರ ಒಳ್ಳೆಯತನ, ಆದರೆ ಅದನ್ನು ನೋಡಿಯೂ ಸುಮ್ಮನಿರುವುದು ನಮಗೆ ಶೋಭೆಯಲ್ಲ. ಗಡಿಯಾರ, ಪೆನ್ನು, ಕತ್ತರಿ, ಟಾರ್ಚು ಅವರದು. ಉಳಿದದ್ದು ಆಸ್ಪತ್ರೆಯದು.

ಹೊಸಬರೇ, ನಿಮ್ಮ ಮೈಯನ್ನೂ ಮರೆಯಬೇಡಿ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸು ಮುಗಿದಿರಲಿ. ಕಾಲಿಗೆ ಮುಂಭಾಗ ಮುಚ್ಚಿದ, ಜಾರದ ಷೂ ಇರಲಿ. ನೆಲದ ಮೇಲೆ ನೀರು, ರಕ್ತ, ಒಡೆದ ಗಾಜು ಎಲ್ಲವೂ ಇರುತ್ತದೆ. ಲಾಕರಿನಲ್ಲಿ ಇನ್ನೊಂದು ಜೊತೆ ಯೂನಿಫಾರ್ಮು, ನೀರಿನ ಬಾಟಲಿ, ಎರಡು ಬಾಳೆಹಣ್ಣೋ ಚಿಕ್ಕಿಯೋ ಇರಲಿ. ಹೊಟ್ಟೆ ಹಸಿದು, ಕಣ್ಣು ಕತ್ತಲೆ ಬಂದವರು ಔಷಧಿಯ ಲೆಕ್ಕ ಹಾಕಬಾರದು.

ಈಗ ಕೇಳುಗರಾದ ನಿಮ್ಮ ಪಾಲು. ನರ್ಸಿನ ಪೆನ್ನಿಗೆ ಬೇಕಾದ ಮಾಹಿತಿ ನಿಮ್ಮ ಬಾಯಲ್ಲಿದೆ. 2008ರಿಂದ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡಾಡುತ್ತಿದೆ. ಅದಕ್ಕೆ ಕರೆ ಮಾಡಿ ಕಾಯುವ ಹೊತ್ತಿನಲ್ಲಿ ಮೂರು ಸಾಮಾನು ಒಂದು ಚೀಲಕ್ಕೆ ಹಾಕಿ: ರೋಗಿ ನುಂಗುತ್ತಿರುವ ಮಾತ್ರೆಗಳ ಹಾಳೆ, ಹಳೆಯ ಚೀಟಿಗಳು, ವಿಷದ ಸಂಗತಿಯಾದರೆ ಅದರ ಡಬ್ಬಿ. ಡಬ್ಬಿಯ ಮೇಲಿನ ಹೆಸರು ನೋಡಿದರೆ ಡಾಕ್ಟರಿಗೆ ಅರ್ಧ ದಾರಿ ಸವೆದಂತೆ. ಲಕ್ವ ಹೊಡೆದಂತೆ ಬಾಯಿ ವಾರೆಯಾಗಿ, ಕೈ ಬಿದ್ದುಹೋದರೆ ಅವರು ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ನೆನಪಿಟ್ಟುಕೊಂಡು ಹೇಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ಅಲ್ಲಿಂದ ನಾಲ್ಕೂವರೆ ಗಂಟೆ. ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಹಾವನ್ನು ಕೊಂದು ತರಬೇಡಿ; ಉಂಗುರ, ಕಾಲುಂಗುರ, ಗೆಜ್ಜೆ ತೆಗೆದು ಅಲುಗಿಸದೆ ಕರೆತನ್ನಿ. ನಾಯಿ ಕಚ್ಚಿದರೆ ಮನೆಯಲ್ಲೇ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಬನ್ನಿ. ದಾರಿಯಲ್ಲಿ ಬಿದ್ದವರನ್ನು ಕರೆತಂದರೆ ಪೊಲೀಸು ಕೋರ್ಟು ಎಂದು ಹೆದರಬೇಡಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಇಂಥ ಉಪಕಾರಿಗಳಿಗೆ ರಕ್ಷಣೆ ಕೊಟ್ಟಿದೆ. ಒಳಗೆ ಬಂದ ಮೇಲೆ ಎಲ್ಲ ತಿಳಿದವರು ಒಬ್ಬರು ರೋಗಿಯ ಬಳಿ ನಿಲ್ಲಿ, ಉಳಿದವರು ಹೊರಗೆ ಕೂತಿರಿ. ಹತ್ತು ಜನ ಒಟ್ಟಿಗೆ ಮಾತಾಡಿದರೆ ನಾಡಿ ಎಣಿಸುವವರ ಲೆಕ್ಕ ತಪ್ಪುತ್ತದೆ.

ಕೊನೆಯ ಮಾತು ನನ್ನಂಥ ಹಿರಿಯರಿಗೆ. ನಾನು ಹೇಳಿದ ನಾಲ್ಕಾರು ಸಾಮಾನು ಯಾವ ಊರಿನ ಮೆಡಿಕಲ್ ಅಂಗಡಿ ಬೀದಿಯಲ್ಲೂ ಸಿಗುತ್ತವೆ. ಅವನ್ನು ಸರಿಯಾಗಿ ಬಳಸುವ ಕೈ ಒಂದು ದಿನದಲ್ಲಿ ಬರುವುದಿಲ್ಲ. ಪಾಪೆ ನೋಡಿದವರಿಗೆ “ಇನ್ನೊಮ್ಮೆ ನೋಡಮ್ಮ, ಎಡಗಣ್ಣು ಗಮನಿಸು” ಎಂದು ಹೇಳುವವರು ಬೇಕು. ಬರೆದ ಹಾಳೆಯನ್ನು ಓದಿ ಬಿಟ್ಟುಹೋದ ಗಂಟೆಯನ್ನು ತೋರಿಸುವವರು ಬೇಕು. ಹೊಸಬರನ್ನು ಮೊದಲ ವಾರವೇ ಒಬ್ಬಂಟಿಯಾಗಿ ರಾತ್ರಿ ಡ್ಯೂಟಿಗೆ ಹಾಕಬೇಡಿ. ಜೇಬಿಗೆ ಬೇಕಾದದ್ದನ್ನು ಅವರು ಹೇಗಾದರೂ ಕೊಂಡು ತರುತ್ತಾರೆ. ಪಕ್ಕದಲ್ಲಿ ನಿಂತು ಕಲಿಸುವ ಹಿರಿಯರನ್ನು ಕೊಡಬೇಕಾದವರು ನಾವು.